ನಾಲ್ಕು ಹೊಗಳಿಕೆಗೆ ಒಂದು ಬೈಗುಳ

ಗುಡುಗು ಮೇಷ್ಟ್ರು ಗಣಿತ ಕಲಿಸಲು ಶುರುಮಾಡಿ ಇಪ್ಪತ್ತಾರು ವರ್ಷವಾಗಿತ್ತು. ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ಮಗುವನ್ನು ಹೊಗಳಿದ ಕಳಂಕ ಅವರಿಗಿರಲಿಲ್ಲ. ನೂರಕ್ಕೆ ನೂರು ತೆಗೆದವರಿಗೂ "ಅಕ್ಷರ ನೋಡು, ಕೋಳಿ ಕೆದರಿದ ಹಾಗಿದೆ" ಎಂದೇ ಉತ್ತರಪತ್ರಿಕೆ ಕೊಡುತ್ತಿದ್ದರು. ಗಂಟಲೂ ಅಡ್ಡಹೆಸರಿಗೆ ತಕ್ಕದ್ದೇ. ಮೂರನೇ ಮಹಡಿಯಲ್ಲಿ ಅವರು "ಕೂತ್ಕೋ" ಎಂದರೆ ಕೆಳಗೆ ಆಫೀಸಿನ ಮುಂದೆ ಅರ್ಜಿ ಹಿಡಿದು ನಿಂತ ಅಪ್ಪಂದಿರೂ ಕೂತುಬಿಡುತ್ತಿದ್ದರು.

ಆ ವರ್ಷ ಶಾಲೆಗೆ ಹೊಸ ದೊಡ್ಡ ಮೇಡಂ ಬಂದರು. ಬಂದ ಎರಡನೇ ವಾರವೇ ಸ್ಟಾಫ್ ರೂಮಿಗೆ ಎಲ್ಲರನ್ನೂ ಕರೆಸಿದರು.

"ಮಕ್ಕಳ ನಡವಳಿಕೆ ಬೈದು ಬೈದು ಸರಿಹೋಗೋದಾಗಿದ್ರೆ ಇಷ್ಟೊತ್ತಿಗೆ ನಮ್ಮ ಸ್ಕೂಲು ದೇವಲೋಕ ಆಗಿರ್ಬೇಕಿತ್ತು. ಇನ್ಮೇಲೆ ಎಲ್ಲರಿಗೂ ಒಂದೇ ನಿಯಮ. ಒಂದು ಸಲ ಬೈಯೋಕೆ ಮುಂಚೆ ನಾಲ್ಕು ಸಲ ಹೊಗಳಿರ್ಬೇಕು. ಟೀಚರು, ಗುಮಾಸ್ತರು, ಗೇಟಿನ ಕಾವಲಿನವರು, ಯಾರನ್ನೂ ಬಿಟ್ಟಿಲ್ಲ."

"ಹೊಗಳೋಕೆ ಏನೂ ಸಿಗದೇ ಇದ್ರೆ?" ಚರಿತ್ರೆ ಮೇಷ್ಟ್ರು ಕೇಳಿದರು.

"ಹುಡುಕಿ."

ಗುಡುಗು ಮೇಷ್ಟ್ರು ಕೈಯೆತ್ತಿದರು. "ಮೊದಲು ಬೈದು, ಹೊಗಳೋದನ್ನ ಬಾಕಿ ಇಟ್ಕೋಬಹುದಾ ಮೇಡಂ?"

"ಆಗಲ್ಲ ಸರ್."

ಲೆಕ್ಕದ ಮನುಷ್ಯ, ನಿಯಮ ಅಂದಮೇಲೆ ನಿಯಮ. ಮರುದಿನ ಎಂಟನೇ ಕ್ಲಾಸಿನವನೊಬ್ಬ ಚೆಂಡೆಸೆದು ಕಿಟಕಿಯ ಗಾಜು ಒಡೆದಾಗ ಮೇಷ್ಟ್ರು ಅವನನ್ನು ಗೋಡೆಗೆ ನಿಲ್ಲಿಸಿ ಒಂದೇ ಉಸಿರಿಗೆ ಶುರುಮಾಡಿದರು. "ನಿನ್ನ ಶೂ ಚೆನ್ನಾಗಿದೆ. ಬ್ಯಾಗ್ ಚೆನ್ನಾಗಿದೆ. ಕಿವಿ ಎರಡೂ ಜಾಗದಲ್ಲೇ ಇವೆ. ನಿಮ್ಮಮ್ಮ ಬಹಳ ತಾಳ್ಮೆಯವರು. ಈಗ ಹೇಳು ಕತ್ತೆ, ಗಾಜು ಯಾಕೆ ಒಡೆದೆ?"

ಎರಡೇ ದಿನದಲ್ಲಿ ಮಕ್ಕಳಿಗೆ ಗುಟ್ಟು ತಿಳಿಯಿತು. ಗುಡುಗು ಸರ್ ಹೊಗಳಿದರು ಎಂದರೆ ಮುಂದೆ ಗ್ರಹಚಾರ ಕಾದಿದೆ ಎಂದರ್ಥ. ಅವರು ಯಾರನ್ನಾದರೂ ನೋಡಿ "ಭೇಷ್" ಎಂದರೆ ಸಾಕು, ಆ ಬೆಂಚಿನವರೆಲ್ಲ ತಲೆ ತಗ್ಗಿಸುತ್ತಿದ್ದರು. ಶುಕ್ರವಾರ ತಾಯಿಯೊಬ್ಬರು ಕಣ್ಣೀರು ಹಾಕಿಕೊಂಡು ದೊಡ್ಡ ಮೇಡಂ ಬಳಿ ಬಂದರು.

"ನಮ್ಮ ಹುಡುಗಿ ನಿನ್ನೆಯಿಂದ ಊಟ ಮುಟ್ಟಿಲ್ಲ ಮೇಡಂ. ಅವಳ ಅಕ್ಷರ ಮುದ್ದಾಗಿದೆ ಅಂದ್ರಂತೆ ಸರ್. ಅವಳು ಏನು ಮಾಡಿದ್ದಾಳೆ, ಮುಚ್ಚುಮರೆ ಇಲ್ದೆ ಹೇಳ್ಬಿಡಿ. ತಡ್ಕೋತೀವಿ."

ಆ ಅಕ್ಷರ ನಿಜಕ್ಕೂ ಮುದ್ದಾಗಿಯೇ ಇತ್ತು. ಮೇಷ್ಟ್ರು ಆ ವಾರ ಮನಸಾರೆ ಹೇಳಿದ್ದು ಅದೊಂದೇ.

ದೊಡ್ಡ ಮೇಡಂ ಮೇಷ್ಟ್ರನ್ನು ಕರೆದು ಕೂರಿಸಿದರು. "ಸರ್, ಶೂ, ಕಿವಿ, ಅಮ್ಮ, ಇವೆಲ್ಲ ಆ ಗಾಜು ಒಡೆದ ಹುಡುಗ ಮಾಡಿದ್ದಲ್ಲ. ಹೊಗಳೋದಾದ್ರೆ ಮಗು ಏನು ಮಾಡ್ತೋ ಅದನ್ನ ಹೇಳಿ. ಸೋಮವಾರದಿಂದ ಮಧ್ಯಾಹ್ನದ ಬೆಲ್ ಹೊತ್ತಿಗೆ ಮೆಟ್ಟಿಲಿನ ಡ್ಯೂಟಿ ನಿಮ್ಮದು."

ಸ್ಟಾಫ್ ರೂಮಿನಲ್ಲಿ ಇದನ್ನು ಗಡೀಪಾರು ಎನ್ನುತ್ತಿದ್ದರು. ಹಳೆಯ ಕಟ್ಟಡಕ್ಕಿದ್ದದ್ದು ಒಂದೇ ಮೆಟ್ಟಿಲು ಸಾಲು. ಊಟದ ಬೆಲ್ ಹೊಡೆದರೆ ಆರುನೂರು ಮಕ್ಕಳು ಒಟ್ಟಿಗೆ ಅದರ ಮೇಲೆ ಸುರಿಯುತ್ತಿದ್ದರು. ಹಿಂದಿನ ತಿಂಗಳು ಅಲ್ಲಿ ಒಂದು ಹಲ್ಲು, ಎರಡು ಕನ್ನಡಕ ಬಲಿಯಾಗಿದ್ದವು. ಎಲ್ಲರಿಗಿಂತ ಮುಂದೆ ಇಳಿಯುತ್ತಿದ್ದವಳು ಏಳನೇ ಕ್ಲಾಸಿನ ಹುಡುಗಿ. ನಾಲ್ಕು ಮೆಟ್ಟಿಲು ಒಂದೇ ನೆಗೆತಕ್ಕೆ ದಾಟುತ್ತಿದ್ದುದರಿಂದ ಮಕ್ಕಳು ಅವಳನ್ನು ಬಾಣ ಎಂದು ಕರೆಯುತ್ತಿದ್ದರು.

ಸೋಮವಾರ ಮೇಷ್ಟ್ರು ಮೆಟ್ಟಿಲ ತಿರುವಿನಲ್ಲಿ ನಿಂತು, ನಿಯಮವನ್ನು ಗಾಳಿಗೆ ತೂರಿ, ಗುಡುಗಿದರು. "ಮೆಲ್ಲಗೆ!"

ಮಕ್ಕಳು ಇನ್ನೂ ಜೋರಾಗಿ ಓಡಿದರು. ಹಿಂದೆ ಗುಡುಗಿದರೆ ಯಾರು ತಾನೆ ನಿಧಾನವಾಗಿ ನಡೆಯುತ್ತಾರೆ? ಮಂಗಳವಾರ ಇನ್ನೂ ಜೋರಾಗಿ ಕೂಗಿದರು. ಬುಧವಾರ ಗೋಡೆಯ ಸುಣ್ಣ ಉದುರುವಷ್ಟು ಕೂಗಿದರು. ಗುರುವಾರ ಬೆಳಿಗ್ಗೆ ಎದ್ದು ಹಲ್ಲುಜ್ಜಿ ಬಾಯಿ ತೆರೆದರೆ, ಬಾಗಿಲ ಕೀಲು ಕಿರ್ರೆಂದಂಥ ಸದ್ದು ಬಿಟ್ಟರೆ ಬೇರೇನೂ ಬರಲಿಲ್ಲ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಟಾರ್ಚು ಹಿಡಿದು ಗಂಟಲು ನೋಡಿದರು. "ಬಾವು ಬಂದಿದೆ ರೀ. ಒಂದು ವಾರ ತುಟಿಪಿಟಕ್ ಅನ್ನಬಾರದು." ಟಾರ್ಚು ಆರಿಸಿ, "ಮನೇಲೂ" ಎಂದು ಸೇರಿಸಿದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಅಂಥ ದುಃಖವೇನೂ ಕಾಣಲಿಲ್ಲ.

ರಜೆ ಹಾಕುವುದು ಮೇಷ್ಟ್ರ ಜಾಯಮಾನವಲ್ಲ. ಅಂದು ಮಧ್ಯಾಹ್ನವೂ ತಿರುವಿನಲ್ಲಿ ನಿಂತರು. ಬೆಲ್ ಆಯಿತು. ಮೇಲಿನಿಂದ ಬಾಣ ಹಾರಿ ಬಂದಳು. ಮುಂದೆ ಒಂದನೇ ಕ್ಲಾಸಿನ ಪುಟ್ಟಿಯೊಬ್ಬಳು ಎರಡೂ ಕೈಯಲ್ಲಿ ನೀರಿನ ಬಾಟಲಿ ತಬ್ಬಿಕೊಂಡು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ಇನ್ನೇನು ಪುಟ್ಟಿಯ ಮೇಲೆ ಬಿದ್ದಳು ಅನ್ನುವಾಗ ಬಾಣ ಗಕ್ಕನೆ ಕಂಬಿ ಹಿಡಿದು ನಿಂತಳು. ಹಿಂದಿನವರು ನೂಕದಂತೆ ಕೈ ಅಡ್ಡ ಇಟ್ಟು, ಪುಟ್ಟಿ ಇಳಿಯುವವರೆಗೂ ಕಾದಳು.

ಮೇಷ್ಟ್ರಿಗೆ ಏನಾದರೂ ಹೇಳಲೇಬೇಕೆನಿಸಿತು. ಗಂಟಲಿಲ್ಲ. ಬಗ್ಗಿ ಅವಳ ಕಿವಿಯ ಹತ್ತಿರ ಪಿಸುಗುಟ್ಟಿದರು. "ಚಿಕ್ಕೋಳಿಗೋಸ್ಕರ ನಿಂತೆಯಲ್ಲ, ನಾನು ನೋಡ್ದೆ."

ಬಾಣ ಬೈಗುಳಕ್ಕೆ ಕಾದಳು. ಬರಲಿಲ್ಲ. ಇನ್ನೂ ಸ್ವಲ್ಪ ಕಾದಳು.

"ಅಷ್ಟೇನಾ ಸರ್?"

ಮೇಷ್ಟ್ರು ತಲೆಯಾಡಿಸಿದರು. ಅವಳು ಕಕ್ಕಾಬಿಕ್ಕಿಯಾಗಿ ಒಂದೊಂದೇ ಮೆಟ್ಟಿಲು ಇಳಿದು ಹೋದಳು.

ಕೆಳಗೆ ಮಕ್ಕಳು ಮುತ್ತಿಕೊಂಡರು. "ಏನೇ ಹೇಳಿದ್ರು ಕಿವೀಲಿ?" ಬಾಣ ಬಾಯಿ ಬಿಡಲಿಲ್ಲ. ಅವಳಿಗೇ ಇನ್ನೂ ನಂಬಿಕೆ ಬಂದಿರಲಿಲ್ಲ. ಆ ಮೌನದಿಂದ ಪಿಸುಮಾತಿಗೆ ಇಲ್ಲದ ಬೆಲೆ ಬಂತು. ಶುಕ್ರವಾರ ಹತ್ತಾರು ಮಕ್ಕಳು ತಿರುವಿನ ಬಳಿ ಬೇಕೆಂದೇ ನಿಧಾನ ಮಾಡಿದರು. ಮೇಷ್ಟ್ರು ಕಂಡದ್ದನ್ನಷ್ಟೇ ಹೇಳಿದರು. "ಬಿದ್ದ ಟೋಪಿ ಎತ್ಕೊಟ್ಟೆ." "ನೂಕಿದ್ರೂ ತಿರುಗಿ ನೂಕಲಿಲ್ಲ." ಕೇಳಿದವರು ಕಿವಿ ಕೆಂಪಗೆ ಮಾಡಿಕೊಂಡು ಹೋದರು. ಅಂಥದ್ದೇನೂ ಮಾಡದವರಿಗೆ ಅವರು ಏನೂ ಹೇಳಲಿಲ್ಲ. ಬೈಯಲು ಗಂಟಲೂ ಇರಲಿಲ್ಲ.

ಮೋಸವೂ ಶುರುವಾಯಿತು. ಮುಂದಿನ ಬುಧವಾರ ಬಾಣ ಪುಟ್ಟಿಗೆ ದಾರಿ ಬಿಟ್ಟಳು. ಎರಡು ನಿಮಿಷದ ಮೇಲೆ ನೋಡಿದರೆ ಅದೇ ಪುಟ್ಟಿಗೆ ಮತ್ತೆ ದಾರಿ ಬಿಡುತ್ತಿದ್ದಾಳೆ. ಪುಟ್ಟಿಯನ್ನು ಮೇಷ್ಟ್ರ ಬೆನ್ನ ಹಿಂದಿನಿಂದ ಮೇಲಕ್ಕೆ ಎತ್ತಿಕೊಂಡು ಹೋಗಿ ಮತ್ತೆ ಮತ್ತೆ ಇಳಿಸುತ್ತಿದ್ದಳು.

"ಇದು ಮೂರನೇ ಸಲ," ಮೇಷ್ಟ್ರು ಪಿಸುಗುಟ್ಟಿದರು.

"ಅವಳಿಗೂ ಮಜಾ ಬರ್ತಿದೆ ಸರ್."

"ಹೌದು, ಇನ್ನೊಂದ್ಸಲ!" ಎಂದಳು ಪುಟ್ಟಿ.

ಅಷ್ಟರಲ್ಲಿ ದೊಡ್ಡ ಮೇಡಂಗೆ ಉತ್ಸಾಹ ಉಕ್ಕಿತು. ಮೆಟ್ಟಿಲಲ್ಲಿ ಒಂಬತ್ತು ದಿನದಿಂದ ಯಾರೂ ಬಿದ್ದಿಲ್ಲ, ಆದ್ದರಿಂದ ಇಡೀ ಶಾಲೆ ಪಿಸುಗುಟ್ಟಲಿ ಎಂದರು. ಅದು ಮೂರು ದಿನ ನಡೆಯಿತು. ಚರಿತ್ರೆ ಮೇಷ್ಟ್ರ ಪಿಸುಮಾತು ಅವರ ಮಾತಿಗಿಂತ ಜೋರಾಗಿತ್ತು. ಗುಮಾಸ್ತರು ಫೋನಿನಲ್ಲಿ ಪಿಸುಗುಟ್ಟಿದ್ದಕ್ಕೆ ಆ ಕಡೆಯವರು ಹೆದರಿ ಫೋನಿಟ್ಟರು. ಮೇಡಂ ಆ ಆಜ್ಞೆಯನ್ನು ಸದ್ದಿಲ್ಲದೆ ವಾಪಸು ಪಡೆದರು.

ಮೇಷ್ಟ್ರ ಗಂಟಲು ಎಂಟನೇ ದಿನಕ್ಕೇ ಸರಿಯಾಗಿತ್ತು. ಹೆಂಡತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ.

"ಮಕ್ಕಳಿಗೆ ಸುಳ್ಳು ಹೇಳ್ತಾ ಇದ್ದೀರಲ್ಲ ರೀ," ಎಂದರು ಅವರು.

"ಹೇಳ್ತಾ ಇಲ್ಲ. ಸುಮ್ಮನಿದ್ದೀನಿ ಅಷ್ಟೆ," ಎಂದರು ಮೇಷ್ಟ್ರು. ಮಕ್ಕಳು ಹತ್ತಿರ ಬರುವುದು ಅವರಿಗೆ ಹೊಸದು. ಗುಡುಗಿದರೆ ಎಲ್ಲಿ ಮತ್ತೆ ದೂರ ಹೋಗುತ್ತಾರೋ ಎಂಬ ಭಯವಿತ್ತು. ಆ ಭಯವನ್ನು ಹೆಂಡತಿಯ ಮುಂದೂ ಬಾಯಿಬಿಟ್ಟು ಹೇಳಲಿಲ್ಲ.

ಆದರೆ ಅಂತರಶಾಲಾ ಪಂದ್ಯದ ದಿನ ಮೈದಾನದಲ್ಲಿ ಮೊದಲ ಆಟ ಏಳನೇ ಕ್ಲಾಸಿನದಾಗಿತ್ತು. ಬೆಲ್ ಆದದ್ದೇ ತಡ, ಬಾಣ ಎಲ್ಲ ಮರೆತು ಐದು ಮೆಟ್ಟಿಲು ಒಟ್ಟಿಗೆ ನೆಗೆದಳು. ಕೆಳಗೆ ಸಣ್ಣವರ ಸಾಲು.

"ಬಾಣಾ!"

ಗುಡುಗು ಇಡೀ ಕಟ್ಟಡ ನಡುಗಿಸಿತು. ಆರುನೂರು ಮಕ್ಕಳು ನಿಂತಲ್ಲೇ ನಿಂತರು. ಬಾಣ ಗೋಡೆಗೆ ಒರಗಿ ಸಾವರಿಸಿಕೊಂಡಳು. ಯಾರಿಗೂ ಪೆಟ್ಟಾಗಿರಲಿಲ್ಲ. ತಮ್ಮ ದನಿ ತಮಗೇ ಕೇಳಿ ಮೇಷ್ಟ್ರು ಬಾಯಿಗೆ ಕೈ ಅಡ್ಡ ಇಟ್ಟರು. ಮುಗಿಯಿತು ಕಥೆ, ಎಂದುಕೊಂಡರು.

ಬಾಣ ಅವರನ್ನೇ ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ತಿರುಗಿ ಮೇಲಕ್ಕೆ ಹತ್ತಿದಳು. ಮೇಲಿನಿಂದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದು ಅವರೆದುರು ನಿಂತಳು. ಹೊರಗೆ ಆಟದ ಸೀಟಿ ಊದಿಯಾಗಿತ್ತು.

"ಈಗ ಸರಿನಾ ಸರ್?"

ಮೇಷ್ಟ್ರ ಗಂಟಲು ಇನ್ನೂ ಗುಡುಗಿನ ಮಟ್ಟದಲ್ಲೇ ಇತ್ತು. "ತಪ್ಪಾಯ್ತು ಅಂತ ಗೊತ್ತಾದ ಕೂಡ್ಲೇ, ಯಾರೂ ಹೇಳದೇನೇ ಹತ್ತಿ ಸರಿಯಾಗಿ ಇಳಿದೆ! ಆಟ ಶುರುವಾಗಿದ್ರೂ! ಭೇಷ್!"

ಮೂರು ಮಹಡಿಗೂ, ಆಫೀಸಿಗೂ, ಮೈದಾನಕ್ಕೂ ಕೇಳಿಸಿತು. ಬಾಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಅಯ್ಯೋ ಸರ್, ಮೆಲ್ಲಗೆ ಹೇಳಿ. ಮಾನ ಹೋಗುತ್ತೆ."