ಉಚ್ಚೆಂಗಪ್ಪ ಮೋಟಾರು ಕೊಂಡದ್ದು

ಕಂಪ್ಲಿಯ ಅಕ್ಕಿ ಗಿರಣಿ ಉಚ್ಚೆಂಗಪ್ಪನಿಗೆ ತಾನು ಯಾರ ಕೈಯಲ್ಲೂ ಮೋಸ ಹೋಗುವ ಆಸಾಮಿಯಲ್ಲ ಎಂಬ ನಂಬಿಕೆ ಇತ್ತು. ಭತ್ತದ ಕಾಳೊಂದನ್ನು ಹಲ್ಲಿಗೆ ಕೊಟ್ಟು ಕಟಕ್ಕೆನಿಸಿದರೆ ಸಾಕು, ಅದು ಯಾವ ಕಾಲುವೆಯ ನೀರು ಕುಡಿದದ್ದೆಂದು ಹೇಳುತ್ತಿದ್ದ. ಎತ್ತಿನ ಸಂತೆಯಲ್ಲಿ ಅವನನ್ನು ಕಂಡರೆ ದಲ್ಲಾಳಿಗಳು ಬೆಲೆ ಕುದುರಿಸಲು ಟವೆಲ್ಲಿನಡಿ ಚಾಚಿದ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದರು. ಎದುರಿನವನು ಯಾವುದನ್ನು ತಾನಾಗಿಯೇ ಹೇಳಲು ಬರುತ್ತಾನೋ ಅದಕ್ಕೆ ಕಿವಿಗೊಡಬಾರದು ಎಂಬುದು ಅವನ ವ್ಯವಹಾರದ ಒಂದೇ ಸೂತ್ರ. ಅದೇ ಸೂತ್ರ ಹಿಡಿದು ಅವನು ಒಂದು ಗಿರಣಿಯನ್ನು ಎರಡು ಮಾಡಿದ್ದ.

ಇಂಥವನ ಮನೆಯೊಳಗೆ ಮೋಟಾರಿನ ಮಾತು ತಂದವಳು ಹೆಂಡತಿ ಮರುಳಸಿದ್ದಮ್ಮ. ಅವಳ ಅಕ್ಕನನ್ನು ಹೊಸಪೇಟೆಯ ಜವಳಿ ವ್ಯಾಪಾರಿ ಕೊಟ್ರಬಸಪ್ಪನಿಗೆ ಕೊಟ್ಟಿತ್ತು. ಈ ಷಡ್ಡಕ ಎರಡನೆಯ ಮಹಾಯುದ್ಧ ಶುರುವಾಗುವ ಮೊದಲೇ ಒಂದು ಕರಿ ಮೋಟಾರು ತಂದು ಮನೆ ಮುಂದೆ ನಿಲ್ಲಿಸಿದ್ದ. ಅಕ್ಕ ಅದರಲ್ಲಿ ಕುಳಿತು ಹಂಪಿಗೆ ಹೋಗಿ ಬಂದ ಸುದ್ದಿಯನ್ನು ತಂಗಿಯ ಮುಂದೆ ಎಷ್ಟು ಬಗೆಯಲ್ಲಿ ಹೇಳಬಹುದೋ ಅಷ್ಟು ಬಗೆಯಲ್ಲಿ ಹೇಳಿದ್ದಳು. ಈಗ ಆ ಅಕ್ಕನ ಮಗಳ ಮದುವೆ ಗೊತ್ತಾಗಿತ್ತು.

"ನೋಡ್ರಿ, ಈ ಮದಿವಿಗೆ ನಾನು ಬಂಡ್ಯಾಗ ಹೋಗಿ ಇಳಿಯಾಕಿ ಅಲ್ಲ," ಎಂದಳು ಮರುಳಸಿದ್ದಮ್ಮ, ರೊಟ್ಟಿ ಬಡಿಯುತ್ತಲೇ. "ಮೋಟಾರ್ ತಂದ್ರ ಬರ್ತೀನಿ. ಇಲ್ಲಾಂದ್ರ ನೀವೊಬ್ರ ಹೋಗಿ ಉಂಡು ಬರ್ರಿ."

"ಹೊಸಾದು ಈಗ ಎಲ್ಲಿ ಸಿಗತೈತಿ? ಯುದ್ಧ ನಡದೈತಿ."

"ಹಳೇದ ತರ್ರಿ. ಆದ್ರ ಅಕ್ಕನ ಮೋಟಾರ್‌ಗಿಂತ ಗೇಣುದ್ದ ದೊಡ್ಡದಿರಬೇಕು. ಕಿಟಕಿಗೆ ಗಾಜು ಇರಬೇಕು. ಒಳಗ ಯಾರು ಕುಂತಾರಂತ ಹೊರಗಿನೋರಿಗೆ ಕಾಣಬೇಕು."

ಒಳಕೋಣೆಯಿಂದ ಅವನ ತಾಯಿ ಎರ್ರಮ್ಮನ ದನಿ ಬಂತು: "ಚಕ್ಕಂಬಕ್ಕಳ ಹಾಕ್ಕೊಂಡು ಕುಂದ್ರಾಕ ಬರಬೇಕು ನೋಡಪ್ಪ. ಕಾಲು ಇಳಿಬಿಟ್ಟು ಕುಂತ್ರ ನನಗ ಮಣಕಾಲು ಹಿಡಿತಾವು."

ಉಚ್ಚೆಂಗಪ್ಪ ಈ ಮೂರು ಲಕ್ಷಣಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟ. ಮೊದಲು ನೋಡಿದ್ದು ಸಂಡೂರಿನ ಗಣಿ ಗುತ್ತಿಗೆದಾರನ ಗಾಡಿ. ದೊಡ್ಡದೇನೋ ಹೌದು, ಆದರೆ ಬಾಗಿಲು ತೆರೆದರೆ ಕೆಂಪು ಧೂಳು ಸುರಿಯಿತು, ಕೂತೆದ್ದರೆ ಪಂಚೆ ಕೆಂಪಾಯಿತು. ಗುತ್ತಿಗೆದಾರ ಎಂಜಿನ್ನಿನ ಗುಣಗಾನ ಮಾಡತೊಡಗಿದ. ಅಷ್ಟು ಕೇಳಿದ್ದೇ ಉಚ್ಚೆಂಗಪ್ಪ ಎಂಜಿನ್ನು ಹೋಗಿದೆ ಎಂದು ತೀರ್ಮಾನಿಸಿ ಎದ್ದು ಬಂದ. ಮರಿಯಮ್ಮನಹಳ್ಳಿಯಲ್ಲಿ ಕಂಡ ಇನ್ನೊಂದಕ್ಕೆ ಗಾಜಿರಲಿಲ್ಲ, ಮೇಲಿನ ಬಟ್ಟೆಯನ್ನು ಇಲಿ ಕಡಿದಿತ್ತು.

ಆಗ ಹೊಸಪೇಟೆಯ ವಕೀಲ ಪ್ರಭಂಜನರಾಯರು ತಮ್ಮ ಮೋಟಾರು ಮಾರುವವರಿದ್ದಾರೆ ಎಂಬ ಸುದ್ದಿ ಬಂತು. ರಾಯರು ಸುಳ್ಳು ಸಾಕ್ಷಿ ನಿಲ್ಲಿಸದ ವಕೀಲರೆಂದು ಹೆಸರಾದವರು. ಆ ಕಾರಣಕ್ಕೇ ಕಕ್ಷಿಗಾರರು ಕಡಿಮೆ. ಉಚ್ಚೆಂಗಪ್ಪನಿಗೆ ಇದರಿಂದ ಧೈರ್ಯ ಬರಲಿಲ್ಲ. ಇಷ್ಟು ಒಳ್ಳೆಯ ಹೆಸರಿನ ಹಿಂದೆ ಏನಿರಬೇಕು ಎಂಬ ಅನುಮಾನ ಬಂತು.

ಗಾಡಿ ನೋಡಿದ ಮೇಲೆ ಅನುಮಾನ ಹೆಚ್ಚಾಯಿತು. ಹಸಿರು ಬಣ್ಣ, ಅಕ್ಕಪಕ್ಕ ಗಾಜು, ಹಿಂದೆ ಹಾಸಿಗೆಯಂಥ ಸೀಟು. ಕೊಟ್ರಬಸಪ್ಪನ ಮೋಟಾರಿಗಿಂತ ಗೇಣುದ್ದ ಅಲ್ಲ, ಮೊಳದುದ್ದ ದೊಡ್ಡದು. ಉಚ್ಚೆಂಗಪ್ಪ ಎತ್ತಿಗೆ ಸುಳಿ ನೋಡುವಂತೆ ಸುತ್ತು ಹಾಕಿದ. ಮಡ್‌ಗಾರ್ಡನ್ನು ಬೆರಳಿನಿಂದ ತಟ್ಟಿದ, ಬಗ್ಗಿ ಹೊಟ್ಟೆಯಡಿ ಇಣುಕಿದ, ಹಿಂದಿನ ಸೀಟಿನಲ್ಲಿ ತಾನೇ ಚಕ್ಕಂಬಕ್ಕಳ ಹಾಕಿ ಕುಳಿತ. ರಾಯರ ಡ್ರೈವರ್ ಹಾಲಸ್ವಾಮಿ ಹ್ಯಾಂಡಲು ತಿರುವಿ ಎಂಜಿನ್ನು ಎಬ್ಬಿಸಿದ. ಗಿರಣಿಯ ಎಂಜಿನ್ನುಗಳ ನಡುವೆ ಕಿವಿ ಬೆಳೆಸಿಕೊಂಡಿದ್ದ ಉಚ್ಚೆಂಗಪ್ಪನಿಗೆ ಒಂದು ಕೆಟ್ಟ ಸದ್ದೂ ಸಿಗಲಿಲ್ಲ.

"ಬರ್ರಿ ಸಾವ್ಕಾರ್ರ, ಒಳಗ ಕೂಡ್ರಿ," ಎಂದರು ರಾಯರು. "ಗಾಡಿ ಚೊಲೋ ಅದ. ಆದ್ರ ನಿಮಗ ಪೆಟ್ರೋಲಿನ ಮಾತೊಂದು ಮೊದಲ ಹೇಳಬೇಕು…"

ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿಗೆ ಬೇರೆ ರೊಕ್ಕ ಕೇಳುತ್ತಾರೆ ಎಂದು ಉಚ್ಚೆಂಗಪ್ಪನಿಗೆ ಹೊಳೆಯಿತು. "ಅದೆಲ್ಲಾ ನಾ ನೋಡ್ಕೊಂತೀನ್ರಿ. ಗಿರಣಿ ನಡಸೋನು ನಾನು, ಎಣ್ಣಿ ತರೋದು ಗೊತ್ತಿಲ್ಲೇನು?"

"ಹಂಗಲ್ರಿ, ಈಗ ಸರ್ಕಾರದವರು…"

"ಸರ್ಕಾರದ ಮಾತು ಕೋರ್ಟಿನ್ಯಾಗ ಆಡ್ರಿ. ವ್ಯಾಪಾರ ಮಾತಾಡ್ರಿ."

ಬೆಲೆ ಕುದುರಿತು. ಅದೂ ಬಲು ಬೇಗ ಕುದುರಿತು. ಉಚ್ಚೆಂಗಪ್ಪ ಹೇಳಿದ ಅರೆಬೆಲೆಗೆ ರಾಯರು ತಲೆಯಾಡಿಸಿದಾಗ ಅವನಿಗೆ ಸಂತೋಷಕ್ಕಿಂತ ಇನ್ನೂ ಕಡಿಮೆ ಕೇಳಬೇಕಿತ್ತು ಎಂಬ ಸಂಕಟವೇ ಹೆಚ್ಚಾಯಿತು. ರಾಯರು ಮಾತ್ರ ಇನ್ನೂ ಒದ್ದಾಡುತ್ತಿದ್ದರು.

"ಸಾವ್ಕಾರ್ರ, ನನ್ನ ಮನಸ್ಸಿಗೆ ಸಮಾಧಾನ ಆಗವಲ್ದು. ಕೂಪನ್ನಿನ ವಿಷಯ ಕೇಳಿಬಿಡ್ರಿ…"

ಕೂಪನ್ನು ಎಂದರೆ ಮೋಟಾರಿನ ಯಾವುದೋ ಅಂಗ, ಬಿಚ್ಚಿಟ್ಟುಕೊಂಡು ಬೇರೆ ಮಾರುವ ಹೊಂಚು ಎಂದು ಉಚ್ಚೆಂಗಪ್ಪ ಎಣಿಸಿದ. ಆದರೆ ಅಂಥದೊಂದು ಅಂಗದ ಹೆಸರು ತನಗೆ ಗೊತ್ತಿಲ್ಲ ಎಂದು ತೋರಗೊಡುವವನಲ್ಲ. ದೊಡ್ಡ ಮನಸ್ಸಿನಿಂದ ಕೈ ಬೀಸಿ ಅಂದ: "ಕೂಪನ್ನು ನೀವ ಇಟ್ಕೊಳ್ರಿ ರಾಯರ. ನನಗ ಗಾಡಿ ಸಾಕು."

ರಾಯರು ಕೈಮುಗಿದರು.

ಹಾಲಸ್ವಾಮಿಯನ್ನೂ ಗಾಡಿಯ ಜೊತೆಗೇ ಸಂಬಳಕ್ಕೆ ಗೊತ್ತುಮಾಡಿಕೊಂಡು ಉಚ್ಚೆಂಗಪ್ಪ ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲಿನಲ್ಲೇ ಕಂಪ್ಲಿಗೆ ಬಂದಿಳಿದ. ಕೋಟೆಯ ಬಾಗಿಲಿನಿಂದ ಮನೆಯವರೆಗೆ ಜನ ಹೊರಗೆ ಬಂದು ನಿಂತಿದ್ದರು. ಮರುಳಸಿದ್ದಮ್ಮ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದಳು. ಎರ್ರಮ್ಮ ಒಳಗೆ ಹತ್ತಿ ಕಾಲು ಮಡಚಿ ಕುಳಿತು, "ಮಸ್ತ್ ಐತಪ್ಪ, ಪಲ್ಲಂಗ ಇದ್ದಂಗ ಐತಿ," ಎಂದು ಹೇಳಿ ಊಟದ ಹೊತ್ತಿನವರೆಗೂ ಇಳಿಯಲಿಲ್ಲ.

ಮಾರನೆಯ ದಿನ ಊರು ಸುತ್ತಿಸುವ ಹುಮ್ಮಸ್ಸಿನಲ್ಲಿ ಉಚ್ಚೆಂಗಪ್ಪ ಹಾಲಸ್ವಾಮಿಗೆ, "ಪೆಟ್ರೋಲ್ ಎಲ್ಲಿ ಸಿಗತೈತೋ ತಗೊಂಡು ಬಾ," ಎಂದ. ಹಾಲಸ್ವಾಮಿ ಕೈಕಟ್ಟಿ ನಿಂತ.

"ಕೂಪನ್ ಕೊಡ್ರಿ ಯಜಮಾನ್ರ."

"ಅದು ರಾಯರ ಹತ್ರನ ಬಿಟ್ಟು ಬಂದೆ. ಅದಿಲ್ದ ಗಾಡಿ ಓಡಂಗಿಲ್ಲೇನು?"

ಹಾಲಸ್ವಾಮಿ ಎಲ್ಲವನ್ನೂ ಬಿಡಿಸಿ ಹೇಳಿದ. ಯುದ್ಧದಿಂದಾಗಿ ಪೆಟ್ರೋಲಿಗೆ ರೇಷನ್ ಬಂದಿದೆ. ಸರ್ಕಾರ ಕೊಟ್ಟ ಕೂಪನ್ ಇಲ್ಲದೆ ಕೊಡಪಾನ ಬಂಗಾರ ಕೊಟ್ಟರೂ ತೊಟ್ಟು ಪೆಟ್ರೋಲ್ ಸಿಗುವುದಿಲ್ಲ. ಸ್ವಂತ ಗಾಡಿಗೆ ಸಿಗುವುದು ಹಿಡಿಯಷ್ಟು, ಅದರಲ್ಲೂ ಈ ಸಲದ್ದನ್ನು ರಾಯರು ಖರ್ಚು ಮಾಡಿಯಾಗಿದೆ. ಕಂಪ್ಲಿ ಬಸ್ಸು ಬೆನ್ನಿಗೆ ಡ್ರಮ್ಮು ಕಟ್ಟಿಕೊಂಡು ಪೆಟ್ರೋಲಿನ ಬದಲು ಇದ್ದಿಲಿನ ಹೊಗೆಯಿಂದ ಓಡುತ್ತಿರುವುದು ಅದಕ್ಕೇ. ಉಚ್ಚೆಂಗಪ್ಪ ಆ ಡ್ರಮ್ಮನ್ನು ದಿನವೂ ನೋಡುತ್ತಿದ್ದ. ಬಸ್ಸಿನ ಮಾಲೀಕ ಜಿಪುಣ ಎಂದುಕೊಂಡಿದ್ದ.

"ಇದನ್ನ ನಿನ್ನಿ ಯಾಕ ಹೇಳ್ಲಿಲ್ಲಲೇ?"

"ರಾಯರು ಹೇಳಾಕ ಹೋದಾಗ ನೀವು ಏನು ಮಾಡಿದ್ರಿ ಅಂತ ನೋಡಿದ್ನೆಲ್ರಿ," ಎಂದ ಹಾಲಸ್ವಾಮಿ, ತಗ್ಗಿದ ದನಿಯಲ್ಲಿ.

ಯಾರ ಮೇಲಾದರೂ ಸಿಟ್ಟು ಮಾಡಬೇಕೆಂದು ಉಚ್ಚೆಂಗಪ್ಪ ಹುಡುಕಿದ, ಯಾರೂ ಸಿಗಲಿಲ್ಲ. ಮೋಸ ಮಾಡಿದವನಿದ್ದರೆ ಊರ ಮುಂದೆ ಬೈಯಬಹುದಿತ್ತು. ನಿಜ ಹೇಳಿದವನನ್ನು ಏನೆಂದು ಬೈಯುವುದು? ತಾಲೂಕು ಕಚೇರಿಗೆ ಅಲೆದ. ಗಿರಣಿಯ ಹೆಸರಿನಲ್ಲಿ ಅರ್ಜಿ ಹಾಕಿದರೆ ಮುಂದೆ ನೋಡೋಣ ಎಂದರು. ಮದುವೆಯಂತೂ ಮುಂದೆ ಹೋಗುವಂತಿರಲಿಲ್ಲ. ಮರುಳಸಿದ್ದಮ್ಮ ಮೋಟಾರಿನಲ್ಲಿ ಬರುತ್ತೇವೆಂದು ಹೊಸಪೇಟೆಗೆ ಹೋಗಿಬರುವವರೆಲ್ಲರ ಬಾಯಲ್ಲಿ ಹೇಳಿಕಳಿಸಿದ್ದಳು.

ಹೊರಡುವ ಹಿಂದಿನ ದಿನ ಎರ್ರಮ್ಮ ಎಂದಿನಂತೆ ಅಂಗಳದ ಮೋಟಾರಿನಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಮಗ ತಲೆಗೆ ಕೈಹೊತ್ತು ಕುಳಿತದ್ದನ್ನು ನೋಡಿ ಕೇಳಿದಳು: "ಇದಕ್ಕ ಗಾಲಿ ಅದಾವಿಲ್ಲೋ?"

"ಅದಾವ ಬೇ."

"ಮನ್ಯಾಗ ಎತ್ತು ಅದಾವಿಲ್ಲೋ?"

"ಥೂ! ಮಂದಿ ನಕ್ಕಾರು."

"ಗಾಲಿ ಅದಾವು, ಎತ್ತು ಅದಾವು. ಮತ್ಯಾಕ ಅಳ್ತಿಯೋ?"

ಉಚ್ಚೆಂಗಪ್ಪ ಒಪ್ಪಲಿಲ್ಲ. ಆದರೆ ಮರುಳಸಿದ್ದಮ್ಮ ಒಪ್ಪಿದಳು. ಅಕ್ಕನ ಮುಂದೆ ಬಂಡಿಯಿಂದ ಇಳಿಯುವುದು ಬೇರೆ, ಮೋಟಾರಿನ ಬಾಗಿಲು ತೆರೆದು ಇಳಿಯುವುದು ಬೇರೆ. ಎಳೆದು ತಂದದ್ದು ಯಾರೆಂದು ಆಮೇಲಿನ ಮಾತು, ಎಂಬುದು ಅವಳ ವಾದ. ಬಡಿಗೇರನನ್ನು ಕರೆಸಿ ಮುಂದಿನ ಕಬ್ಬಿಣದ ಪಟ್ಟಿಗೆ ಮರದ ಮೂಕಿ ಬಿಗಿಸಿ, ನೊಗ ಕಟ್ಟಿಸಿ, ಮನೆಯ ಒಳ್ಳೆಯ ಜೋಡಿಯನ್ನು ಹೂಡಿದರು.

ಬಂಡಿ ಹೊಡೆಯುವ ಜಡೆಪ್ಪ ಬಾರುಕೋಲು ಹಿಡಿದು ಎಂಜಿನ್ನಿನ ಮೇಲೆ ಗೋಣಿ ಹಾಸಿ ಕುಳಿತ. ಹಾಲಸ್ವಾಮಿ ಒಳಗೆ ಸ್ಟೇರಿಂಗ್ ಹಿಡಿದ. ಊರ ಹೊರಗೇ ಇಬ್ಬರಿಗೂ ಜಗಳ ಹತ್ತಿತು.

"ನಾ ಎಡಕ್ಕ ತಿರುವಿದ್ರ ನೀ ಬಲಕ್ಕ ಯಾಕ ಹೊಡಿತಿಯೋ?" ಎಂದು ಹಾಲಸ್ವಾಮಿ ಒಳಗಿನಿಂದ ಕೂಗಿದ.

"ದಾರಿ ಬಲಕ್ಕ ಐತಿ, ಅದಕ್ಕ," ಎಂದ ಜಡೆಪ್ಪ ಹಿಂತಿರುಗದೆ. "ನೀ ಸುಮ್ನ ಕುಂದ್ರು. ಎತ್ತಿಗೆ ದಾರಿ ಗೊತ್ತೈತಿ."

"ಡ್ರೈವರ್ ನಾನು!"

"ಹಂಗಾರ ಎತ್ತಿಗೆ ಹೇಳು."

ಉಚ್ಚೆಂಗಪ್ಪ ಹಿಂದಿನ ಸೀಟಿನಲ್ಲಿ ಟವೆಲ್ಲನ್ನು ಕಿವಿಯ ಮೇಲೆ ಎಳೆದುಕೊಂಡು, ಗಾಜಿನಿಂದ ದೂರ ಸರಿದು, ಸತ್ತವನಂತೆ ಕುಳಿತಿದ್ದ. ಬುಕ್ಕಸಾಗರದ ಹತ್ತಿರ ಕಬ್ಬಿನ ಗದ್ದೆಯ ಜನ ಬದುವಿಗೆ ಓಡಿ ಬಂದರು. ನಗುತ್ತಾರೆ ಎಂದು ಅವನು ಕಣ್ಣು ಮುಚ್ಚಿದ. ಯಾರೂ ನಗಲಿಲ್ಲ. "ಏನ್ರೀ ಸಾವ್ಕಾರ್ರ, ಮೋಟಾರ್ ತಗೊಂಡ್ರಿ? ಭಾಳ ಛಲೋ ಐತಿ," ಎಂದು ಒಬ್ಬ ಪಕ್ಕದಲ್ಲೇ ನಡೆದು ಬರುತ್ತಾ ಮಾತಾಡಿಸಿದ. ಇನ್ನೊಬ್ಬ ಕಿಟಕಿಯಿಂದ ಎರಡು ಕಬ್ಬು ಒಳಗೆ ತೂರಿದ. ಉಚ್ಚೆಂಗಪ್ಪ ಟವೆಲ್ಲು ಸ್ವಲ್ಪ ಸರಿಸಿದ.

ಕಮಲಾಪುರದ ಕೆರೆಯ ಇಳಿಜಾರಿನಲ್ಲಿ ಮಾತ್ರ ಅಪಾಯವಾಗುವುದಿತ್ತು. ಎದುರಿಗೆ ಕುರಿ ಹಿಂಡು ಬಂತೆಂದು ಹಾಲಸ್ವಾಮಿ, ಎಷ್ಟೋ ದಿನದ ಆಸೆ ತೀರಿಸಿಕೊಳ್ಳುವವನಂತೆ, ಹಾರನ್ ಒತ್ತಿದ. ಬೆನ್ನ ಹಿಂದೆಯೇ ಯಾವುದೋ ಮೃಗ ಕೂಗಿತೆಂದು ಎತ್ತುಗಳು ಬಾಲ ಎತ್ತಿ ಓಟ ಕಿತ್ತವು. ಜಡೆಪ್ಪ ಹಿಂದಕ್ಕೆ ಉರುಳಿ ಗಾಜಿಗೆ ಬೆನ್ನು ಕೊಟ್ಟ. ಎರ್ರಮ್ಮ "ಪಂಪಾಪತಿ!" ಎಂದು ಕೂಗಿದಳು. ಹಾಲಸ್ವಾಮಿ ಬ್ರೇಕಿನ ಮೇಲೆ ನಿಂತೇಬಿಟ್ಟ. ಕೆರೆಯ ಏರಿಯ ಅಂಚಿನಲ್ಲಿ ಎತ್ತು, ಮೋಟಾರು, ಜಗಳ ಎಲ್ಲ ಒಟ್ಟಿಗೆ ನಿಂತವು. ಅಲ್ಲಿಂದ ಮುಂದೆ ಇಬ್ಬರು ಸಾರಥಿಗಳೂ ಪರಸ್ಪರ ರೀ ಹಚ್ಚಿ ಮಾತಾಡತೊಡಗಿದರು.

ಹೊಸಪೇಟೆಯಲ್ಲಿ ಮದುವೆ ಮನೆಯ ಮುಂದೆ ನಿಂತಾಗ ಕೊಟ್ರಬಸಪ್ಪ ಓಡಿ ಬಂದ. ಉಚ್ಚೆಂಗಪ್ಪ ಕೊಂಕು ಮಾತಿಗೆ ಸಿದ್ಧನಾಗಿ ಇಳಿದ. ಆದರೆ ಷಡ್ಡಕ ಅವನ ಎರಡೂ ಕೈ ಹಿಡಿದುಕೊಂಡ.

"ಬಾರಪ್ಪ, ದೇವರು ಬಂದಂಗ ಬಂದಿ. ನಮ್ಮ ಮೋಟಾರ್ ಪೆಟ್ರೋಲ್ ಇಲ್ದ ಶೆಡ್ಡಿನ್ಯಾಗ ಬಿದ್ದೈತಿ, ಒಳಗ ಕೋಳಿ ತತ್ತಿ ಇಟ್ಟಾವು. ಬೀಗರು ನೋಡಿದ್ರ ಅಳಿಯಗ ಮೋಟಾರ್ ಮೆರವಣಿಗೆನ ಬೇಕಂತ ಕುಂತಾರ. ನಿನ್ನ ಗಾಡಿ ಕೊಡಬೇಕು ನೋಡು."

ಮರುಳಸಿದ್ದಮ್ಮ ಬಾಗಿಲನ್ನು ತಾನೇ ತೆರೆದು, ಸೆರಗು ಸರಿಮಾಡಿಕೊಂಡು, ಅಕ್ಕ ಪೂರ್ತಿ ನೋಡುವಷ್ಟು ಸಾವಕಾಶವಾಗಿ ಇಳಿದಳು. ಸಂಜೆ ಮದುಮಗ ಹಸಿರು ಮೋಟಾರಿನಲ್ಲಿ ಮೆರೆದ. ಇಡೀ ಹೊಸಪೇಟೆ ನೋಡಿತು. ಓಡುವ ಗಾಡಿಯಾಗಿದ್ದರೆ ಅರ್ಧ ಊರಿಗೆ ಮದುಮಗನ ಮೂಗೂ ಕಾಣುತ್ತಿರಲಿಲ್ಲ ಎಂದು ಬೀಗರೇ ಮೆಚ್ಚಿಕೊಂಡರು.

ಮುಂದಿನ ಸುಗ್ಗಿಯ ಹೊತ್ತಿಗೆ, ಗಿರಣಿಯಿಂದ ಸರ್ಕಾರಕ್ಕೆ ಅಕ್ಕಿ ಹೋಗತೊಡಗಿದ ಮೇಲೆ, ಉಚ್ಚೆಂಗಪ್ಪನಿಗೆ ಪೆಟ್ರೋಲ್ ಮಂಜೂರಾಯಿತು. ಮೂಕಿ ಬಿಚ್ಚಿಸಿ, ಇಡೀ ಕುಟುಂಬ ಏರಿಸಿಕೊಂಡು, ಹಾಲಸ್ವಾಮಿ ಗಾಡಿಯನ್ನು ಹೊಸಪೇಟೆಗೆ ಬಿಟ್ಟ. ಧೂಳೆದ್ದಿತು. ಬುಕ್ಕಸಾಗರದವರು ಮೂಗಿಗೆ ಬಟ್ಟೆ ಹಿಡಿದು ಬದುವಿನಾಚೆ ಹಾರಿದರು. ಒಳಗೆ ಕುಳಿತವರು ಯಾರೆಂದು ಒಬ್ಬರೂ ನೋಡಲಿಲ್ಲ. ಉಚ್ಚೆಂಗಪ್ಪ ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು. ಎರ್ರಮ್ಮ ಕಮಲಾಪುರದಲ್ಲಿ ವಾಂತಿ ಮಾಡಿಕೊಂಡಳು. ಊರಿಗೆ ಮರಳಿದ್ದೇ ಅವನು ಜಡೆಪ್ಪನನ್ನು ಕರೆದು ಮೂಕಿ ಬಿಗಿಯಲು ಹೇಳಿದ. ಕೇಳಿದವರಿಗೆ, "ಇಂಥ ಕಾಲದಾಗ ಪೆಟ್ರೋಲ್ ಸುಡಬಾರದು ನೋಡ್ರಿ," ಎಂದು ಬಾಯಿಗೆ ಬಂದದ್ದು ಹೇಳಿ, ಕೂಪನ್ನುಗಳನ್ನು ಕಚೇರಿಗೆ ಹಿಂದಿರುಗಿಸಿದ.

ಈ ಸುದ್ದಿ ಎರಡು ಕಡೆಗೆ ಮುಟ್ಟಿತು. ಯುದ್ಧನಿಧಿಯ ಸಭೆಯಲ್ಲಿ ತಹಶೀಲ್ದಾರರು ಅವನನ್ನು ಎಬ್ಬಿಸಿ, ಸೈನ್ಯಕ್ಕಾಗಿ ಪೆಟ್ರೋಲ್ ಬಿಟ್ಟುಕೊಟ್ಟ ರಾಜನಿಷ್ಠನೆಂದು ಮಾಲೆ ಹಾಕಿದರು. ಅದೇ ಸಂಜೆ ಪೇಟೆಯ ಕಾಂಗ್ರೆಸ್ಸಿನವರು ಮೋಟಾರು ತಡೆದು, ಪರದೇಶದ ಎಣ್ಣೆಯನ್ನು ಬಹಿಷ್ಕರಿಸಿ ಎತ್ತು ಹೂಡಿದ ದೇಶಭಕ್ತನೆಂದು ಇನ್ನೊಂದು ಮಾಲೆ ಹಾಕಿ ಜೈಕಾರ ಕೂಗಿದರು. ಉಚ್ಚೆಂಗಪ್ಪ ಇಬ್ಬರಿಗೂ ಕೈಮುಗಿದ.

ದಾರಿಯಲ್ಲಿ ಮರುಳಸಿದ್ದಮ್ಮ ಅವನ ಕೊರಳನ್ನು ನೋಡಿ ನೋಡಿ ಅಂದಳು: "ಎಳದು ತಂದವು ಅವು. ಮಾಲಿ ಅವಕ್ಕ ಹಾಕ್ರಿ."

ಅವನಿಗೂ ಸರಿಯೆನಿಸಿತು. ಕೆಳಗಿಳಿದು ಎರಡು ಎತ್ತಿಗೂ ಒಂದೊಂದು ಹಾಕಿದ. ಜಡೆಪ್ಪ ಹಗ್ಗ ಸಡಿಲಿಸಿದ. ಗಾಡಿ ನಾಲ್ಕು ಮಾರು ಹೋಗುವಷ್ಟರಲ್ಲಿ ಬಲಗಡೆಯ ಎತ್ತು ಕತ್ತು ಹೊರಳಿಸಿ ಎಡಗಡೆಯದರ ಕೊರಳ ಚೆಂಡುಹೂವನ್ನು ನೆಮ್ಮದಿಯಾಗಿ ಮೇಯತೊಡಗಿತು. ಅದು ಸರ್ಕಾರದ ಮಾಲೆಯೋ ಕಾಂಗ್ರೆಸ್ಸಿನದೋ, ಹಾಕಿದವನಿಗೂ ನೆನಪಿರಲಿಲ್ಲ.