ಏಳನೆಯ ತರಗತಿಗೆ ತಕ್ಕದ್ದು

ಡಕೋಟಾದ ಆ ಬಯಲಿನಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವುದು ಅಪರಾಧವೆನಿಸಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಆರ್ಡಿಸ್ ಹೌಗೆನ್ ಎಂಬ ತರುಣ ತಾಯಿ ಸರ್ಕಾರದೆದುರು ನಿಂತು ಗೆದ್ದಳು. ಮೊದಲು ಸರ್ಕಾರದ ಕಡೆಯಿಂದ ಕಡತ ಹಿಡಿದ ಹೆಂಗಸೊಬ್ಬಳು ನಗುನಗುತ್ತ ಬಂದು, ಕಾಫಿ ಕುಡಿದು, ಮಗುವಿನ ತಲೆ ಸವರಿ ಹೋದಳು. ಅವಳ ಬೆನ್ನಿಗೇ ಷೆರೀಫನ ಕಾರು ಜಲ್ಲಿರಸ್ತೆಯಲ್ಲಿ ಧೂಳೆಬ್ಬಿಸಿತು. ಆರ್ಡಿಸ್ ತನ್ನ ಮಗ ಲೈಲ್‌ನನ್ನು ನೆಲಮಾಳಿಗೆಯ ಆಲೂಗಡ್ಡೆ ಮೂಟೆಗಳ ಹಿಂದೆ ಅಡಗಿಸಿ, ಸದ್ದು ಹೊರಡದಿರಲೆಂದು ಅವನ ಬಾಯಿಗೊಂದು ಸೇಬು ತುರುಕಿ, ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಅಡ್ಡ ನಿಂತಳು. ಷೆರೀಫ್ ಬರಿಗೈಯಲ್ಲಿ ಹಿಂತಿರುಗಿದ, ಮೊಕದ್ದಮೆ ಬಂತು. ಕೋರ್ಟಿನಲ್ಲಿ ನ್ಯಾಯಾಧೀಶರು ತಮ್ಮ ಕಪಾಟಿನಿಂದಲೇ ದಪ್ಪನೆಯ ಇತಿಹಾಸಗ್ರಂಥವೊಂದನ್ನು ತೆಗೆದು ಹುಡುಗನ ಮುಂದಿಟ್ಟರು. ಲೈಲ್ ತಡವರಿಸದೆ ಓದಿದ. ಓದಿದ್ದರ ಅರ್ಥವನ್ನೂ ಹೇಳಿದ. ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟು, ಈ ತಾಯಿಯಿಂದ ಈ ಮಗುವನ್ನು ಬಿಡಿಸುವಷ್ಟು ತಿಳಿವಳಿಕೆ ತಮಗಿಲ್ಲವೆಂದರು.

ಈ ಕಥೆ ಹೌಗೆನ್ನರ ಮನೆಯಲ್ಲಿ ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೂ ಟರ್ಕಿ ಕೋಳಿಯ ಜೊತೆಯಲ್ಲೇ ಮೇಜಿಗೆ ಬರುತ್ತಿತ್ತು. ಸೇಬಿನ ಮಾತಿಗೆ ಎಲ್ಲರೂ ನಗುತ್ತಿದ್ದರು. ಲೈಲ್ ಮಾತ್ರ ಅಷ್ಟರೊಳಗೆ ಲಾರಿಯ ಎಂಜಿನ್ ನೋಡಿ ಬರುತ್ತೇನೆಂದು ಎದ್ದುಹೋಗುತ್ತಿದ್ದ.

ಆ ಗೆಲುವಿನಿಂದ ಆರ್ಡಿಸ್ ಕಲಿತ ಪಾಠ ಒಂದೇ. ಪುಸ್ತಕ ಯಾವಾಗಲೂ ಮಗುವಿನ ವಯಸ್ಸಿಗಿಂತ ಮುಂದಿರಬೇಕು. ಈಗ ಲೈಲ್‌ನ ಮಗಳು ಸಿಗ್ನೆಗೆ ಹನ್ನೆರಡು ತುಂಬಿತ್ತು. ತಾಯಿ ಆಸ್ಪತ್ರೆಯ ಪಾಳಿಯಲ್ಲಿ, ತಂದೆ ಗೋಧಿ ಲಾರಿಯಲ್ಲಿ. ಪಾಠದ ಹೊಣೆ ಅಜ್ಜಿಯದು. ಒಂದು ಇತಿಹಾಸಗ್ರಂಥ, ಅದರ ಪಕ್ಕದಲ್ಲಿ ಅದೇ ಕಾಲದ ಒಂದು ಕಾದಂಬರಿ, ಹೀಗೆ ಜೋಡಿಯಾಗಿ ಓದಿಸುವುದು ಅವಳ ಕ್ರಮ. ಒಂದು ಬುದ್ಧಿಗೆ, ಇನ್ನೊಂದು ಎದೆಗೆ ಎನ್ನುವಳು.

ಆಗಸ್ಟಿನಲ್ಲಿ ಚರ್ಚಿನ ಕೆಳಅಂತಸ್ತಿನಲ್ಲಿ ಹಳೆಯ ಪಠ್ಯಗಳ ಸಂತೆ. ಮನೆಪಾಠದ ತಾಯಂದಿರೆಲ್ಲ ಪೆಟ್ಟಿಗೆ ಹೊತ್ತು ಬರುತ್ತಿದ್ದರು. ಪುಸ್ತಕಗಳಿಗೆ ತರಗತಿಗೆ ತಕ್ಕಂತೆ ಬಣ್ಣದ ಚೀಟಿ ಅಂಟಿಸುವ ಕೆಲಸ ಆರ್ಡಿಸಳ ಹಳೆಯ ಗೆಳತಿ ಮಾರ್ವಾಳದು. ಏಳನೆಯ ತರಗತಿಗೆ ಹಸಿರು. ಆರ್ಡಿಸ್ ಎತ್ತಿಕೊಂಡದ್ದು ಕೆಂಪು ಚೀಟಿಯದು. ಶತ್ರುಸೈನ್ಯ ಸುತ್ತುವರಿದ ನಗರವೊಂದರಲ್ಲಿ ಜನ ಒಂದಿಡೀ ಚಳಿಗಾಲ ಹಸಿದು ಕಳೆದ ಇತಿಹಾಸ.

"ಅದು ಕಾಲೇಜಿಗೆ ಹೋಗೋ ಹುಡುಗರಿಗೆ ಕಣೇ," ಎಂದಳು ಮಾರ್ವಾ.

"ಸಿಗ್ನೆ ಓದ್ತಾಳೆ."

"ಓದ್ತಾಳೆ, ನಾನೆಲ್ಲಿ ಇಲ್ಲ ಅಂದೆ? ನನ್ನ ಮೊಮ್ಮಗ ಇಲಿಪಾಷಾಣದ ಡಬ್ಬಿ ಮೇಲಿರೋದನ್ನೂ ಓದ್ತಾನೆ. ಹಾಗಂತ ಚಮಚ ಕೊಡ್ಲಾ?"

ಸುತ್ತಲಿನವರು ನಕ್ಕರು. ಆರ್ಡಿಸ್ ನಗಲಿಲ್ಲ. ಆ ಪುಸ್ತಕವನ್ನೂ ಅದಕ್ಕೆ ಜೋಡಿಯಾಗುವ ಕಾದಂಬರಿಯನ್ನೂ ಚೀಲಕ್ಕೆ ಹಾಕಿಕೊಂಡಳು.

ಹಿಮ ಬೀಳುವ ಹೊತ್ತಿಗೆ ಮನೆಯಲ್ಲಿ ಏನೋ ಬದಲಾಗಿತ್ತು. ರೊಟ್ಟಿಯ ಕೊನೆಯ ತುಂಡುಗಳು ಮೇಜಿನಿಂದ ಕಾಣೆಯಾಗತೊಡಗಿದವು. ಅಟ್ಟದ ಉಣ್ಣೆಯ ಕಂಬಳಿಯೊಂದು ಇದ್ದಲ್ಲಿ ಇರಲಿಲ್ಲ. ಸಿಗ್ನೆ ಊಟದ ನಡುವೆ ತಲೆಯೆತ್ತಿ, ಆಲೂಗಡ್ಡೆ ಮೊಳಕೆಯೊಡೆದ ಮೇಲೂ ತಿನ್ನಬಹುದೇ, ಬೆಕ್ಕು ಎಷ್ಟು ದಿನ ಕೂಗದೆ ಇರಬಲ್ಲದು ಎಂದು ಕೇಳುತ್ತಿದ್ದಳು. ಕೇಳುವಾಗ ಅವಳ ಕಣ್ಣು ಕಿಟಕಿಯಾಚೆಯ ರಸ್ತೆಯ ಮೇಲಿರುತ್ತಿತ್ತು. ಓದಿನಲ್ಲಿ ಮಾತ್ರ ಕುಂದಿರಲಿಲ್ಲ. ಹಾಗಾಗಿ ಅಜ್ಜಿ ತಲೆ ಕೆಡಿಸಿಕೊಳ್ಳಲಿಲ್ಲ.

ತಲೆ ಕೆಡಿಸಿಕೊಂಡವನು ಲೈಲ್. ಮಗಳ ಗದ್ದ ಚೂಪಾಗಿದೆ, ರಸ್ತೆಯಲ್ಲಿ ಗಾಡಿ ಸದ್ದಾದರೆ ಬೆಚ್ಚುತ್ತಾಳೆ ಎಂದು ಅವನು ಎರಡು ಮೂರು ಬಾರಿ ಹೇಳಿ ನೋಡಿದ. ವಸಂತದಲ್ಲಿ ಮನೆಪಾಠದ ಮಕ್ಕಳ ಓದನ್ನು ಸರ್ಕಾರದ ಪರವಾಗಿ ಪರಿಶೀಲಿಸುವ ಶಿಕ್ಷಕಿ, ಶ್ರೀಮತಿ ರಾಸ್ಕ್, ಬರುವುದಿತ್ತು. ಅವರು ಬರುವ ಹಿಂದಿನ ದಿನ ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ತಾಯಿಯ ಎದುರು ನಿಂತ.

"ಅಮ್ಮ, ನಾಳೆ ಆಯಮ್ಮನ ಮುಂದೆ ಇವ್ಳು ಹೀಗೇ ನಡುಗ್ತಾ ಕೂತ್ರೆ, ಸೋಮವಾರ ಸ್ಕೂಲಿನ ಹಳದಿ ಬಸ್ಸು ಹತ್ತಿಸ್ತೀನಿ. ನಿನ್ನ ಹತ್ರ ಇನ್ನು ಬಿಡಲ್ಲ."

"ಸರ್ಕಾರದೋರ ಕೈಲೇ ಆಗ್ಲಿಲ್ಲ, ನಿನ್ನ ಕೈಲಾಗತ್ತಾ?" ಎಂದಳು ಆರ್ಡಿಸ್, ಹಗುರವಾಗಿ.

"ಅವ್ರು ಹೊರಗಿನೋರು," ಎಂದ ಲೈಲ್.

ಮರುದಿನ ಬೆಳಗ್ಗೆ, ಕಾಫಿಯ ಜೊತೆಗೆ ಇಡಲು ಸೇಬಿನ ಜಾಮ್ ತರಲೆಂದು ಆರ್ಡಿಸ್ ನೆಲಮಾಳಿಗೆಗೆ ಇಳಿದಳು. ಆಲೂಗಡ್ಡೆ ಮೂಟೆಗಳು ಗೋಡೆಯಿಂದ ಸರಿದಿದ್ದವು. ಹಿಂದೆ ಒಬ್ಬರು ಮುದುರಿ ಕೂರುವಷ್ಟು ಜಾಗ. ಅಲ್ಲಿ ಕಂಬಳಿ, ಮೇಣದ ಬತ್ತಿ, ಡಬ್ಬಿಯಲ್ಲಿ ಕಲ್ಲಾದ ರೊಟ್ಟಿತುಂಡುಗಳು. ತೂತು ಕೊರೆದ ರಟ್ಟಿನ ಪೆಟ್ಟಿಗೆಯೊಳಗೆ ಗಸ್ ಎಂಬ ಮನೆಯ ಬೂದು ಬೆಕ್ಕು ಕಣ್ಣು ಹೊಳೆಯಿಸುತ್ತ ಮಲಗಿತ್ತು. ಅದು ಕೂಗಲಿಲ್ಲ. ಕೂಗದಿರುವುದು ಅದಕ್ಕೆ ಅಭ್ಯಾಸವಾಗಿತ್ತು.

ಆರ್ಡಿಸ್ ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ಮಾರ್ವಾ ಹೇಳಿದ್ದ ಚಮಚದ ಮಾತು ನೆನಪಿಗೆ ಬಂತು. ಸೋಲನ್ನು ಒಪ್ಪಿಕೊಳ್ಳುವುದು ಅವಳಿಗೆ ರೂಢಿಯಿರಲಿಲ್ಲ. ಆದರೂ ಮೇಲೆ ಹೋಗಿ, ಕೆಂಪು ಚೀಟಿಯ ಪುಸ್ತಕವನ್ನೂ ಅದರ ಜೋಡಿ ಕಾದಂಬರಿಯನ್ನೂ ಹಿಟ್ಟಿನ ಪೀಪಾಯಿಯ ಹಿಂದೆ ಸರಿಸಿದಳು. ಅವುಗಳ ಜಾಗದಲ್ಲಿ ಹಸಿರು ಚೀಟಿಯವನ್ನು ಒಪ್ಪವಾಗಿ ಜೋಡಿಸಿದಳು. ಗಾಡಿ ಹೂಡಿಕೊಂಡು ಪಶ್ಚಿಮಕ್ಕೆ ಹೋದವರ ಇತಿಹಾಸ. ಕುದುರೆ ಸಾಕಿದ ಹುಡುಗಿಯೊಬ್ಬಳ ಕಥೆ. ಬಳಿಕ ಮೊಮ್ಮಗಳನ್ನು ಕರೆದು, ಆ ಹಸಿದ ನಗರ ದೂರದ್ದು, ಆ ಕಾಲ ಕಳೆದುಹೋದದ್ದು, ಅದನ್ನು ನಿನಗೆ ಈಗಲೇ ಕೊಟ್ಟದ್ದು ತಪ್ಪಾಯಿತು ಎಂದು ತಿಳಿಹೇಳಿದಳು.

ಸಿಗ್ನೆ ಪೂರ್ತಿ ಕೇಳಿದಳು. ದೊಡ್ಡವರ ತಪ್ಪು ತಿದ್ದುವ ಸಂಕೋಚ ಅವಳ ಮುಖದಲ್ಲಿತ್ತು.

"ಅದು ಆ ಪುಸ್ತಕದಿಂದ ಅಲ್ಲ, ಅಜ್ಜಿ. ರೊಟ್ಟಿ ಒಣಗಿಸಿಡೋದು ಮಾತ್ರ ಅದ್ರಲ್ಲಿ ಕಲ್ತಿದ್ದು."

"ಮತ್ತೆ?"

"ಮೂಟೆ ಹಿಂದಿನ ಜಾಗ ನೀನೇ ಹೇಳಿದ್ದಲ್ವಾ? ಮೊದ್ಲು ಕಡತ ಹಿಡ್ಕೊಂಡು ಒಬ್ಬರು ನಗ್ತಾ ಬರ್ತಾರೆ. ಕಾಫಿ ಕುಡೀತಾರೆ. ಆಮೇಲೆ ಇನ್ನೊಂದು ಕಾರು. ಅಪ್ಪನ ಹತ್ರ ಸೇಬು ಒಂದೇ ಇತ್ತು ಅಂತ ನಾನು ತಿನ್ನೋದಕ್ಕೆ ಜಾಸ್ತಿ ಇಟ್ಕೊಂಡಿದೀನಿ."

ಪ್ರತಿಯೊಂದು ಪುಸ್ತಕವನ್ನೂ ತೂಗಿ ನೋಡಿ ಮನೆಯೊಳಗೆ ಬಿಟ್ಟುಕೊಂಡವಳು ಆರ್ಡಿಸ್. ತನ್ನ ಬಾಯಿಯ ಆ ಒಂದು ಇತಿಹಾಸಕ್ಕೆ ಯಾವ ಬಣ್ಣದ ಚೀಟಿಯೆಂದು ಎಂದೂ ಯೋಚಿಸಿರಲಿಲ್ಲ. ಸಿಗ್ನೆ ಅದನ್ನು ಮೊದಲು ಕೇಳಿದಾಗ ಎತ್ತರದ ಕುರ್ಚಿಯಲ್ಲಿ ಕೂರುವ ಕೂಸು. ಮತ್ತು ಲೈಲ್, ಊಟದ ಮೇಜಿನಿಂದ ಎದ್ದು, ಸರಿಯಾಗಿಯೇ ಇದ್ದ ಲಾರಿಯ ಬಳಿಗೆ ನಡೆಯುತ್ತಿದ್ದ ಲೈಲ್. ಅವನೂ ಆ ಮೂಟೆಗಳ ಹಿಂದೆ ಕುಳಿತವನಲ್ಲವೇ?

ಕಿಟಕಿಯಾಚೆ, ಜಲ್ಲಿರಸ್ತೆಯ ತುದಿಯಲ್ಲಿ ಧೂಳೆದ್ದಿತು.

ಶ್ರೀಮತಿ ರಾಸ್ಕ್ ಒಳ್ಳೆಯ ಹೆಂಗಸು, ಬಂದಾಗಲೆಲ್ಲ ಸಿಗ್ನೆಗೆ ಮಿಠಾಯಿ ತರುತ್ತಾರೆ, ನಗುನಗುತ್ತಲೇ ಮಾತಾಡುತ್ತಾರೆ. ಇದನ್ನೆಲ್ಲ ಹೇಳಬೇಕೆಂದು ಆರ್ಡಿಸ್ ಬಾಯಿ ತೆರೆದಳು. ಹೇಳಹೊರಟ ಒಂದೊಂದು ಮಾತೂ ಆ ಹಳೆಯ ಕಥೆಯ ಮೊದಲ ಸಾಲಿನಂತೆಯೇ ಕೇಳಿಸುವುದೆಂದು ಆಗ ತಿಳಿಯಿತು.

ಲಾರಿಯ ಪಕ್ಕದಲ್ಲಿ ಲೈಲ್ ಟೋಪಿ ಸರಿಪಡಿಸಿಕೊಂಡು, ಅತಿಥಿಯನ್ನು ಎದುರುಗೊಳ್ಳಲು ಹೊರಟಿದ್ದ. ಕಾರಿನ ಬಾಗಿಲು ಮುಚ್ಚಿದ ಸದ್ದು. ಹೆಂಗಸಿನ ನಗು. ಅಂಗಳದಲ್ಲಿ ಹೆಜ್ಜೆಗಳು.

ಸಿಗ್ನೆ ಆಗಲೇ ನೆಲಮಾಳಿಗೆಯ ಬಾಗಿಲೆತ್ತಿ ಎರಡು ಮೆಟ್ಟಿಲು ಇಳಿದಿದ್ದಳು. ತಣ್ಣನೆಯ ಮಣ್ಣಿನ ವಾಸನೆ ಅಡಿಗೆಮನೆಗೆ ನುಗ್ಗಿತು. ಅವಳು ಅಜ್ಜಿಯ ಕೈಗಳನ್ನು ನೋಡಿದಳು. ಅವಕ್ಕೆ ಹಿಟ್ಟು ಮೆತ್ತಿರಲಿಲ್ಲ. ಅದು ಅವಳನ್ನು ಕಂಗೆಡಿಸಿದಂತೆ ಕಂಡಿತು.

"ಅಜ್ಜಿ," ಎಂದಳು ಪಿಸುದನಿಯಲ್ಲಿ, "ಆವತ್ತು ಷೆರೀಫ್ ಬಾಗಿಲು ತಟ್ಟಿದಾಗ ನೀನು ಏನಂದೆ? ಅದೊಂದು ಭಾಗ ಇನ್ನೊಂದ್ಸಲ ಹೇಳು. ಬೇಗ ಹೇಳು."