ಆರೈಕೆ ಮನೆಯ ಕುರಿಗಳು

ನನ್ನ ಬಾಯಿ ಸರಿಯಿಲ್ಲ, ಒಪ್ಪಿದೆ. ಆದರೆ ನನ್ನ ಕುರಿಗಳ ಬಗ್ಗೆ ಯಾರಾದರೂ ಒಂದು ಮಾತಾಡಿದರೆ ಮೈಯೆಲ್ಲ ಉರಿಯುತ್ತೆ. ಆರೈಕೆ ಮನೆಯ ಡಾಕ್ಟರಮ್ಮ ಅವತ್ತು ಅಂಥದ್ದೇ ಮಾತಾಡಿದರು. "ಮೂರು ವಾರ ಆಯ್ತು, ಹುಲ್ಲು ಇನ್ನೂ ಮೊಣಕಾಲುದ್ದ ಇದೆ. ಶುಕ್ರವಾರ ಬಂದು ನೋಡ್ತೀನಿ. ಹೀಗೇ ಇದ್ರೆ, ಹುಲ್ಲು ಕತ್ತರಿಸೋ ಯಂತ್ರಾನೇ ವಾಪಸ್ ತರಿಸ್ತೀನಿ."

ಆ ಮನೆಯಲ್ಲಿರೋರು ಕಾಯಿಲೆಯಿಂದಲೋ ದುಃಖದಿಂದಲೋ ಸೋತು, ಚೇತರಿಸಿಕೊಳ್ಳೋಕೆ ಬಂದವರು. ಹಿಂದಿನ ಇಳಿಜಾರಲ್ಲಿ ಕುರಿ ಮೇಯಬೇಕು, ಅವರು ಬೆಂಚಿನ ಮೇಲೆ ಕೂತು ನೋಡಬೇಕು, ಮೈ ಸವರಬೇಕು, ಮನಸ್ಸು ಹಗುರ ಮಾಡ್ಕೋಬೇಕು. ಇದು ಡಾಕ್ಟರಮ್ಮನ ಯೋಚನೆ. ಯಂತ್ರದ ಗದ್ದಲ ಇಲ್ಲ, ಹೊಗೆ ಇಲ್ಲ, ಗೊಬ್ಬರ ಬಿಟ್ಟಿ. ನನಗೂ ನಮ್ಮ ಅತ್ತಿಗೆಗೂ ಸೇರಿ ಇರೋದು ಇಪ್ಪತ್ತೆರಡು ಕುರಿ. ನಾವು ಮೇಯಿಸ್ತಿದ್ದ ಬಯಲಲ್ಲಿ ಕಟ್ಟಡ ಎದ್ದ ಮೇಲೆ ಈ ಇಳಿಜಾರೇ ಗತಿ. ಇದೂ ಕೈಬಿಟ್ಟರೆ ಮಂದೆ ಮಾರಬೇಕು.

ಮೇಯಿಸೋದು ಅಂದ್ರೆ ಬಿಟ್ಟು ಕೂರೋದಲ್ಲ. ಬಲೆ ಬೇಲಿ ಸುತ್ತಿ ಒಂದು ತುಂಡು ಜಾಗ ಕೊಡ್ತೀವಿ. ಅದು ಚೊಕ್ಕಟ ಆದಮೇಲೆ ಗೂಟ ಕಿತ್ತು ಪಕ್ಕದ ತುಂಡಿಗೆ ಬೇಲಿ ಸರಿಸ್ತೀವಿ. ಒಂದು ತುಂಡಿಗೆ ಒಂದೇ ದಿನ ಸಾಕು ನಮ್ಮ ಕುರಿಗಳಿಗೆ. ಇಲ್ಲಿ ನೋಡಿದರೆ ಐದು ದಿನವಾದರೂ ಹುಲ್ಲು ಕಂಡ್ರೆ ಮೂತಿ ತಿರುಗಿಸಿ, ಬೇಲಿ ಪಕ್ಕ ಬಿದ್ದುಕೊಂಡಿರ್ತಿದ್ವು. ಹಲ್ಲು ನೋಡಿದೆ, ಗೊರಸು ನೋಡಿದೆ, ಎಲ್ಲ ಸರಿಯಿತ್ತು. ನಾವು ದೊರೆ ಅಂತ ಕರೆಯೋ ಟಗರಿನ ಹೊಟ್ಟೆ ಮಾತ್ರ ಡೋಲಿನ ಹಾಗೆ ಉಬ್ಬಿತ್ತು.

ಯಾರೋ ಏನೋ ತಿನ್ನಿಸ್ತಿದ್ದಾರೆ ಅಂತ ಅನುಮಾನ ಬಂದು, ಬುಧವಾರ ಬೆಳಿಗ್ಗೆ ನೀರಿನ ತೊಟ್ಟಿ ಹಿಂದೆ ನಿಂತು ಕಾದೆ. ಅಯ್ಯೋ ದೇವರೇ! ಊಟದ ಕೋಣೆಯಿಂದ ಆ ಮನೆಯೋರೆಲ್ಲ ಸಾಲಾಗಿ ಬಂದರು, ಒಬ್ಬೊಬ್ಬರ ಜೇಬಲ್ಲೂ ಬ್ರೆಡ್ಡು. ಎಲ್ಲರಿಗಿಂತ ಮುಂದೆ ಮೇಷ್ಟ್ರು. ಹೆಂಡತಿ ತೀರಿಕೊಂಡ ಮೇಲೆ ಊಟ ಬಿಟ್ಟು, ಮಾತು ಬಿಟ್ಟು, ಇಲ್ಲಿಗೆ ಬಂದು ಸೇರಿದವರು. ತಮ್ಮ ಪಾಲಿನ ಬ್ರೆಡ್ಡನ್ನೆಲ್ಲ ದೊರೆಯ ಬಾಯಿಗೆ ತುರುಕ್ತಾ, "ತಿನ್ನು ಮಗು, ತಿನ್ನು" ಅಂತಿದ್ದರು.

ನನಗೆ ತಲೆ ಕೆಟ್ಟೋಯ್ತು. "ಏನ್ರೀ ಮೇಷ್ಟ್ರೇ, ಬುದ್ಧಿ ಇದೆಯೇನ್ರೀ ನಿಮಗೆ? ನಾಲ್ಕು ಮಕ್ಕಳಿಗೆ ಪಾಠ ಹೇಳಿದೋರು! ಬ್ರೆಡ್ಡು ಜಾಸ್ತಿಯಾದ್ರೆ ಕುರಿ ಹೊಟ್ಟೆ ಉಬ್ಬರಿಸಿ ಸಾಯುತ್ತೆ. ಅದನ್ನ ನೀವು ತಿನ್ನಿ, ಒಣಗಿ ಕಡ್ಡಿಯಾಗಿದ್ದೀರ. ಏನ್ ನರ್ಸಮ್ಮ, ನೀವೂ ನಗ್ತಾ ನಿಂತಿದ್ದೀರಲ್ಲ! ಕೈ ಸುಮ್ಮನಿರಲ್ಲ ಅಂದ್ರೆ ಬನ್ನಿ ಎಲ್ಲರೂ, ಗೂಟ ಕೀಳಿ!"

ಎಲ್ಲರ ಮುಖ ಚಿಕ್ಕದಾಯ್ತು. ಮೇಷ್ಟ್ರು ಕೈಯಲ್ಲುಳಿದ ಚೂರನ್ನ ನಿಂತಲ್ಲೇ ತಿಂದು, ಗೂಟಕ್ಕೆ ಕೈ ಹಾಕಿದರು.

ಮನೆಗೆ ಹೋಗಿ ಹೇಳಿದರೆ ಅತ್ತಿಗೆ ಹಣೆ ಚಚ್ಚಿಕೊಂಡಳು. "ಅಲ್ಲ ಕಣೇ, ಅಲ್ಲಿ ಡಾಕ್ಟರೇ ಪಿಸಪಿಸ ಅಂತ ಮಾತಾಡ್ತಾರೆ. ನೀನು ರೋಗಿಗಳ ಮೇಲೆ ಕೂಗಾಡಿ ಬಂದಿದ್ದೀಯಾ? ನಿನ್ನ ಬಾಯಿ ನಮ್ಮ ಅನ್ನಕ್ಕೆ ಕಲ್ಲು ಹಾಕ್ತು ಬಿಡು." ಅವಳ ಮಾತು ಸುಳ್ಳಲ್ಲ. ನನಗೂ ನಿಜವಾಗಿ ಭಯವಾಯ್ತು.

ಗುರುವಾರ ಬ್ರೆಡ್ಡು ಬರಲಿಲ್ಲ. ಕುರಿಗಳು ತಲೆ ಎತ್ತದೆ ಮೇದವು. ಮೇಷ್ಟ್ರ ಗುಂಪು ಎರಡು ಸಲ ಬೇಲಿ ಸರಿಸಿತು, ಎರಡು ಸಲವೂ ಸೊಟ್ಟಗೆ. ಅದಕ್ಕೂ ಬೈದೆ. ಏನು ಮಾಡೋದು, ಅಭ್ಯಾಸ.

ಶುಕ್ರವಾರದ ಹೊತ್ತಿಗೆ ಅರ್ಧ ಇಳಿಜಾರು ಮಾತ್ರ ಆಗಿತ್ತು. ಡಾಕ್ಟರಮ್ಮ ಬಂದು ನೋಡಿ, "ಅರ್ಧ ಹಾಗೇ ಇದೆ. ಸಾಲದ್ದಕ್ಕೆ ಇವರನ್ನೆಲ್ಲ ಬೈದಿರಂತೆ?" ಅಂದರು.

"ತಪ್ಪಾಯ್ತಮ್ಮ," ಅಂದೆ.

ಮೇಷ್ಟ್ರು ಗೂಟ ಹಿಡಿದುಕೊಂಡೇ ನಡುವೆ ಬಂದರು. "ಡಾಕ್ಟ್ರೇ, ನನ್ನವಳು ಹೋದಾಗಿಂದ ಎಲ್ಲರೂ ನನ್ನ ಹತ್ತಿರ ಮೆತ್ತಗೆ ಮಾತಾಡ್ತೀರಿ. ನನ್ನ ಮಗಳೂ ಅಷ್ಟೇ. ನನ್ನನ್ನ ಬೈತಿದ್ದೋಳು ಅವಳೊಬ್ಬಳೇ. ಎಂಟು ತಿಂಗಳಾದ ಮೇಲೆ ಮೊನ್ನೆ ಬೈಸಿಕೊಂಡೆ ನೋಡಿ, ಮಧ್ಯಾಹ್ನ ಎರಡು ಸಲ ಬಡಿಸಿಕೊಂಡು ಉಂಡೆ. ಇವರನ್ನ ಕಳಿಸ್ಬೇಡಿ."

ಡಾಕ್ಟರಮ್ಮ ನರ್ಸಮ್ಮನ ಮುಖ ನೋಡಿದರು. ಅವರು ಹೌದು ಅಂತ ತಲೆಯಾಡಿಸಿದರು.

"ವರ್ಷಪೂರ್ತಿ ಇಲ್ಲೇ ಮೇಯಿಸಿ," ಅಂದರು ಡಾಕ್ಟರಮ್ಮ.

ಮೇಷ್ಟ್ರು ನನ್ನ ಮುಖವನ್ನೇ ನೋಡ್ತಾ, ಏನಾದರೂ ಅಂತೀನೇನೋ ಅಂತ ಕಾದರು. ನನಗೆ ಅಳು ಬಂದುಬಿಟ್ಟಿತ್ತು, ಒಂದು ಬೈಗುಳವೂ ಬಾಯಿಗೆ ಬರಲಿಲ್ಲ.